ಫೋಟೋ ಇಲ್ಲದ ಮದುವೆ

ನಾನು ಮತ್ತು ನನ್ನ ಹೆಂಡತಿ ಇಬ್ಬರೂ ದೋಹಾದಲ್ಲೇ ಇರುವುದು. ಆದ್ರೆ ಒಂದೇ ಮನೆಯಲ್ಲಿ ಅಲ್ಲ. ಹೀಗೆ ಹೇಳಿದ್ರೆ ಊರಿನವರಿಗೆ ಎಂತದೋ ಜಗಳ ಅಂತ ಕಾಣ್ತದೆ. ಜಗಳ ಎಂತದೂ ಇಲ್ಲ. ನಾನು ವೆಸ್ಟ್ ಬೇಯ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸಕ್ಕೆ ಇರುವವ. ಕಂಪೆನಿ ರೂಮು ಕೊಟ್ಟಿದೆ. ಮಂಚದ ಮೇಲೆ ಮಂಚ, ಎಲ್ಲ ಗಂಡಸರೇ. ಅವಳು ಒಂದು ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ. ದೋಹಾ ಅಲ್ ಜದೀದಾದಲ್ಲಿ ಹೆಂಗಸರೇ ಸೇರಿ ಮಾಡಿಕೊಂಡ ಒಂದು ರೂಮಿನಲ್ಲಿ ಅವಳಿಗೂ ಒಂದು ಮಂಚ ಉಂಟು. ಆ ರೂಮಿನ ಬಾಗಿಲಿಗೆ ‘ಜೆಂಟ್ಸ್ ನಾಟ್ ಅಲೌಡ್’ ಅಂತ ಅಂಟಿಸಿದ್ದಾರೆ. ಅಂಟಿಸಿದ್ದು ನನ್ನ ಹೆಂಡತಿಯೇ.

ಹೆಂಡತಿಗೆ ಫ್ಯಾಮಿಲಿ ವೀಸಾ ಮಾಡ್ಲಿಕ್ಕೆ ಬೇಕಾದಷ್ಟು ಸಂಬಳ ನನಗಿಲ್ಲ. ಅವಳಿಗೆ ಅವಳದ್ದೇ ವೀಸಾ ಉಂಟಲ್ಲ, ಇಬ್ಬರೂ ಸೇರಿ ಒಂದು ಸಣ್ಣ ರೂಮು ಹಿಡಿಯುವ ಅಂತ ನೋಡಿದೆವು. ಮನೆ ಕೊಡುವವ ಮದುವೆ ಸರ್ಟಿಫಿಕೇಟ್ ಕೇಳಿದ. ಅದು ನಮ್ಮ ಹತ್ತಿರ ಇರಲಿಲ್ಲ. ಹಾಗಾಗಿ ಮದುವೆಯಾದ ಮೇಲೂ ನಾವು ಸಿಗುವುದು ಶುಕ್ರವಾರ, ಕಾರ್ನಿಶ್‌ನಲ್ಲಿ, ಸಮುದ್ರದ ಬದಿಯ ಕಟ್ಟೆಯಲ್ಲಿ. ಅವಳು ಡಬ್ಬಿಯಲ್ಲಿ ಮೀನು ಸಾರು ತರ್ತಾಳೆ, ನಾನು ಅನ್ನ ತಗೊಂಡು ಹೋಗ್ತೇನೆ. ಆಚೀಚೆ ಹೋಗುವ ನಮ್ಮ ಕಡೆಯವರು, ‘ಎಂತ ಅಣ್ಣ, ಇನ್ನೂ ಲವ್ವಾ?’ ಅಂತ ತಮಾಷೆ ಮಾಡ್ತಾರೆ. ಐವತ್ತು ಹತ್ತಿರ ಬಂದವನಿಗೆ ಅದು ಕೇಳ್ಲಿಕ್ಕೆ ಒಂದು ರೀತಿ ಆಗ್ತದೆ.

ಹೀಗಿರುವಾಗ ನನ್ನ ಹಳೇ ಮ್ಯಾನೇಜರ್ ಫೋನ್ ಮಾಡಿದ್ರು. ಗೋವಾದವರು. ಇಲ್ಲಿಯ ಲಾಂಡ್ರಿ ಬಿಟ್ಟು ಕೆರಿಬಿಯನ್ ಕಡೆಯ ಒಂದು ದ್ವೀಪ ದೇಶಕ್ಕೆ ಹೋಗಿದ್ದರು. ಕೆರಿಬಿಯನ್ ಅಂದ್ರೆ ನಮ್ಮ ಊರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ವೆಸ್ಟ್ ಇಂಡೀಸ್ ಅಂದ್ರೆ ಕ್ರಿಕೆಟ್ ನೋಡುವ ಅಜ್ಜಂದಿರಿಗೂ ಗೊತ್ತು. ಅಲ್ಲಿ ಸಮುದ್ರದ ಬದಿಯ ಒಂದು ಹೋಟೆಲಿಗೆ ಲಾಂಡ್ರಿ ಸೂಪರ್‌ವೈಸರ್ ಬೇಕು, ನೀನು ಬಾ ಅಂತ ಹೇಳಿದ್ರು. ನಾನು ಸಂಬಳ ಕೇಳುವ ಮೊದಲು ಒಂದೇ ಪ್ರಶ್ನೆ ಕೇಳಿದ್ದು.

‘ಸರ್, ಬೀವಿ ಕೋ ಲಾ ಸಕ್ತಾ ಹೈ ಕ್ಯಾ?’

‘ಲಾ ಸಕ್ತಾ ಹೈ. ಕ್ವಾರ್ಟರ್ಸ್ ಭೀ ಹೈ.’

ಹೆಂಡತಿಯನ್ನು ಕರ್ಕೊಂಡು ಬರ್ಬಹುದು, ಇರ್ಲಿಕ್ಕೆ ಮನೆಯೂ ಉಂಟು. ಆ ಶುಕ್ರವಾರ ಇದನ್ನು ಕಟ್ಟೆಯಲ್ಲಿ ಕೂತು ಹೇಳಿದೆ. ಅವಳು ಮೀನಿನ ಮುಳ್ಳು ತೆಗೀತಾ ಇದ್ದವಳು ಕೈ ನಿಲ್ಲಿಸಿದಳು.

‘ಅಡಿಗೆ ಕೋಣೆ ಬೇರೆ ಉಂಟಾ, ಎಲ್ಲ ಒಟ್ಟಿಗೆಯಾ?’

‘ಅದೆಲ್ಲ ನಾನು ಕೇಳ್ಲಿಲ್ಲ ಮಾರಾಯ್ತಿ.’

‘ಎಂತ ಕೇಳಿದ್ದು ಮತ್ತೆ ನೀವು?’ ಅಂತ ಹೇಳಿ ತಿರುಗಿ ಮುಳ್ಳು ತೆಗೀಲಿಕ್ಕೆ ಶುರು ಮಾಡಿದಳು. ಆದ್ರೆ ಆ ದಿನ ಬಸ್ ಸ್ಟಾಪಿನವರೆಗೂ ಅವಳು ಬೇರೆ ವಿಷಯ ಮಾತಾಡ್ಲಿಲ್ಲ. ಕಿಟಕಿ ಉಂಟಾ, ಗ್ಯಾಸಾ ಕರೆಂಟಾ, ಬಟ್ಟೆ ಒಣಗಿಸ್ಲಿಕ್ಕೆ ಜಾಗ ಉಂಟಾ.

ಹೋಟೆಲಿನವರು ವರ್ಕ್ ಪರ್ಮಿಟ್ಟಿಗೆ ಅಲ್ಲಿಂದ ಅರ್ಜಿ ಹಾಕ್ತಾರೆ. ಆದ್ರೆ ಕಾಗದ ಎಲ್ಲ ನಾವು ಕಳಿಸ್ಬೇಕು. ಇಲ್ಲಿಯ ಪೊಲೀಸರ ಗುಡ್ ಕಾಂಡಕ್ಟ್, ಮೆಡಿಕಲ್, ನನ್ನ ಹತ್ತನೇ ಕ್ಲಾಸಿನ ಸರ್ಟಿಫಿಕೇಟ್. ಈ ಹತ್ತನೇ ಕ್ಲಾಸ್ ನಾನು ಮಾಡಿದ್ದು ಮುಂಬೈಯಲ್ಲಿ. ಹಗಲು ಕ್ಯಾಂಟೀನಿನಲ್ಲಿ ಪ್ಲೇಟು ತೊಳೆದು, ರಾತ್ರಿ ಶಾಲೆಗೆ ಹೋಗಿ, ಮೀಸೆ ಬಂದ ಮೇಲೆ ಪಾಸಾದದ್ದು. ಇಂಗ್ಲಿಷ್ ಓದಿದ್ರೆ ಅರ್ಥ ಆಗ್ತದೆ, ನಿಧಾನ. ಕಾನೂನಿನ ಇಂಗ್ಲಿಷ್ ಅರ್ಥ ಆಗುವುದಿಲ್ಲ. ಹಾಗಾಗಿ ಮುಶೈರಿಬ್‌ನಲ್ಲಿ ಆಫೀಸು ಇಟ್ಟುಕೊಂಡ ಒಬ್ಬ ಕನ್ಸಲ್ಟೆಂಟ್ ಹತ್ತಿರ ಹೋದೆವು. ಮೈಸೂರಿನ ಕಡೆಯ ಸಾರ್, ಕನ್ನಡದವರೇ ಅಂತ ಧೈರ್ಯ.

ಅವರ ಆಫೀಸು ತಂಪಾಗಿತ್ತು. ಗೋಡೆಯಲ್ಲಿ ತೆಂಗಿನ ಮರ, ನೀಲಿ ಸಮುದ್ರ, ಬಿಳಿ ಮರಳಿನ ಚಿತ್ರ. ನನ್ನ ಹೆಂಡತಿ ಅದನ್ನು ನೋಡಿ ಮೆಲ್ಲ ತುಳುವಿನಲ್ಲಿ, ‘ಇದು ನಮ್ಮ ಪಡುಬಿದ್ರಿಯ ಹಾಗೆಯೇ ಉಂಟಲ್ಲ, ಇಷ್ಟು ದೂರ ಯಾಕೆ?’ ಅಂದಳು. ಇನ್ನೊಂದು ಗೋಡೆಯಲ್ಲಿ ಸಾರ್ ಕೈ ಕುಲುಕುವ ಫೋಟೋಗಳು. ಕೋಟು ಹಾಕಿದ ಜನ, ಕೈಯಲ್ಲಿ ಪಾಸ್‌ಪೋರ್ಟು. ಅಲ್ಲಿಯ ಕೆಲವು ದ್ವೀಪಗಳಲ್ಲಿ ದುಡ್ಡು ಹಾಕಿದ್ರೆ ಪೌರತ್ವವೇ ಸಿಗ್ತದಂತೆ. ಸಾರ್ ಹತ್ತಿರ ಬರುವವರು ಹೆಚ್ಚಿನವರು ಅಂಥವರು.

‘ನಿಮ್ಮದು ಸಿಂಪಲ್ ಕೇಸು ಸಾರ್,’ ಅಂದ್ರು ಅವರು. ‘ನೀವು ವರ್ಕರ್, ಮೇಡಂ ಡಿಪೆಂಡೆಂಟ್. ಮ್ಯಾರೇಜ್ ಸರ್ಟಿಫಿಕೇಟ್, ಮದುವೆ ಫೋಟೋ ನಾಲ್ಕು, ಇನ್ವಿಟೇಶನ್ ಕಾರ್ಡ್ ಇದ್ರೆ ಅದೂ ಕೊಡಿ. ಕೆಲವರು ಸುಮ್‌ಸುಮ್ನೆ ಯಾರ್ಯಾರನ್ನೋ ಹೆಂಡ್ತಿ ಅಂತ ಕರ್ಕೊಂಡ್ಹೋಗ್ತಾರೆ ನೋಡಿ, ಅದಕ್ಕೆ ಅವ್ರು ಫೋಟೋ ಕೇಳ್ತಾರೆ.’

ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳ್ಬೇಕು. ಅವಳಿಗೆ ಇದು ಎರಡನೇ ಮದುವೆ. ಮೊದಲಿನ ಗಂಡ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಡಕ್ಟರ್, ಬೈಕ್ ಅಪಘಾತದಲ್ಲಿ ಹೋದರು. ಅದಾದ ಮೇಲೆಯೇ ಅವಳು ದೋಹಾಕ್ಕೆ ಬಂದದ್ದು. ಗಂಡ ಸತ್ತವಳಿಗೆ ಎರಡನೇ ಸಲ ಮಾಡುವ ಮದುವೆಗೆ ನಮ್ಮಲ್ಲಿ ಬುಡುದಾರೆ ಅಂತ ಹೇಳುವುದು. ಚಪ್ಪರ ಇಲ್ಲ, ವಾಲಗ ಇಲ್ಲ, ಕಾರ್ಡು ಇಲ್ಲ. ಮನೆಯ ಒಳಗೆ ನಾಲ್ಕು ಜನ ಹಿರಿಯರು ಸೇರುವುದು, ಇಬ್ಬರ ಕೈ ಸೇರಿಸಿ ನೀರು ಎರೆಯುವುದು, ಊಟ ಮಾಡಿ ಏಳುವುದು. ನಮ್ಮದರಲ್ಲಿ ನನ್ನ ತಂಗಿಯ ಗಂಡ ಮೊಬೈಲ್ ಎತ್ತಿದ್ದಕ್ಕೆ ಅವಳ ಸೋದರಮಾವ ಜೋರು ಮಾಡಿದ್ರು. ‘ಇದಕ್ಕೆಲ್ಲ ಫೋಟೋ ತೆಗೆಯುವ ಕ್ರಮ ಇಲ್ಲ, ಒಳಗೆ ಇಡು.’ ಅವನು ಒಳಗಿಟ್ಟ. ರಿಜಿಸ್ಟರ್ ಮಾಡುವ ಅಂತ ನಾನು ಒಮ್ಮೆ ಹೇಳಿದ್ದೆ. ಹಿರಿಯರೆಲ್ಲ ನಕ್ಕರು. ನೀರು ಬಿದ್ದ ಮೇಲೆ ಮತ್ತೆಂತ ರಿಜಿಸ್ಟರ್! ರಜೆಯೂ ಮುಗಿದಿತ್ತು. ನಾವು ಒಂದೇ ವಿಮಾನದಲ್ಲಿ ಬಂದು, ಏರ್‌ಪೋರ್ಟಿನಿಂದ ಬೇರೆ ಬೇರೆ ರೂಮಿಗೆ ಹೋದೆವು.

ನೀರು ಎರೆದದ್ದು ಯಾರು ಗೊತ್ತುಂಟಾ? ಅವಳ ಮೊದಲಿನ ಗಂಡನ ತಾಯಿ. ನಮ್ಮಲ್ಲಿ ಅತ್ತೆಗೆ ಮಾಮಿ ಅಂತ ಹೇಳುವುದು. ಮಗ ಹೋದ ಮೇಲೆ ಸೊಸೆಗೆ ಗಂಡು ಹುಡುಕಿ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದೂ ಅವರೇ. ‘ಇವಳನ್ನು ವಾಲಗ ಊದಿಸಿ ಕರ್ಕೊಂಡು ಬಂದದ್ದು ನಾನು. ಕಳಿಸುವುದೂ ನಾನೇ,’ ಅಂತ ಚೆಂಬು ಹಿಡಿದ್ರು. ಬೀಡಿ ಕಟ್ಟಿ ಕಟ್ಟಿ ಸವೆದ ಕೈ. 

ಇದೆಲ್ಲ ಸಾರಿಗೆ ಹೇಳಿದೆವು. ಅವರು ಕೇಳಿ, ಪೆನ್ನು ಟೇಬಲ್ಲಿನ ಮೇಲೆ ಇಟ್ಟರು.

‘ಸಾರ್, ಈ ಕತೆ ಎಲ್ಲ ಅಲ್ಲಿಗೆ ಬರೆದ್ರೆ ಫೈಲು ಮೂವ್ ಆಗಲ್ಲ. ಅಲ್ಲಿಯವ್ರಿಗೆ ಈ ಶಾಸ್ತ್ರ ಏನ್ ಗೊತ್ತು? ಈಗ ಹೀಗೆ ಮಾಡೋಣ. ಒಂದು ಸ್ಟುಡಿಯೋ ಇದೆ ನಮ್ಮವರದ್ದೇ. ಹಾರ, ಬಾಸಿಂಗ ಎಲ್ಲ ಅವ್ರ ಹತ್ರನೇ ಇರುತ್ತೆ. ಮೇಡಂಗೆ ಒಂದು ಧಾರೆ ಸೀರೆ, ಅರ್ಧ ಗಂಟೆ ಕೆಲಸ. ಇನ್ನೊಂದು, ಫಾರಂನಲ್ಲಿ ಹಿಂದಿನ ಮದುವೆ ಅಂತ ಒಂದು ಕಾಲಂ ಇದೆ. ಅಲ್ಲಿ ಇಲ್ಲ ಅಂತ ಹಾಕ್ಬಿಡೋಣ. ಇದೆ ಅಂದ್ರೆ ಡೆತ್ ಸರ್ಟಿಫಿಕೇಟ್, ಅದಕ್ಕೆ ದಿಲ್ಲಿಯ ಸೀಲು, ಮೇಡಂ ಪಾಸ್‌ಪೋರ್ಟಲ್ಲಿ ಹಳೇ ಗಂಡನ ಹೆಸರು, ಅದನ್ನ ಚೇಂಜ್ ಮಾಡ್ಸೋದು... ಸುಮ್ನೆ ತಲೆನೋವು.’

‘ಪಾಸ್‌ಪೋರ್ಟಿನಲ್ಲಿ ಹೆಸರು ಇರುವಾಗ ಇಲ್ಲ ಅಂತ ಹೇಗೆ ಬರೆಯುವುದು ಸಾರ್?’ ಅಂತ ನಾನು ಕೇಳಿದೆ.

‘ಪಾಸ್‌ಪೋರ್ಟ್ ಹೊಸದು ಮಾಡ್ಸಿದ್ಮೇಲೆ ಯಾರ್ ನೋಡ್ತಾರೆ ಸಾರ್ ಹಳೇದನ್ನ?’

ಸುಳ್ಳು ಹೇಳುವುದಿಲ್ಲ ನಾನು. ಆ ಕ್ಷಣಕ್ಕೆ ಸ್ಟುಡಿಯೋ ಕತೆ ನನಗೆ ಅಷ್ಟು ತಪ್ಪು ಅಂತ ಕಾಣ್ಲಿಲ್ಲ. ಅರ್ಧ ಗಂಟೆ ಹಾರ ಹಾಕಿ ನಿಂತ್ರೆ ಒಂದು ಮನೆ, ಒಂದು ಅಡಿಗೆ ಕೋಣೆ. ನಾನು ಬಾಯಿ ತೆರೆಯುವ ಮೊದಲು ಇವಳು ಕುರ್ಚಿ ಮುಂದೆ ಎಳೆದಳು.

‘ಸಾರ್, ನಿಮ್ಮ ಮದುವೆ ಆಲ್ಬಂ ಉಂಟಾ?’

‘ಇದೆ ಮೇಡಂ. ಯಾಕೆ?’

‘ಅದರಿಂದ ನಾಲ್ಕು ಫೋಟೋ ಕೊಡಿ. ನಿಮ್ಮ ಹೆಂಡತಿಯ ಮುಖ ತೆಗೆದು ನನ್ನದು ಅಂಟಿಸಿ. ಹಾರ ಬಾಸಿಂಗದ ಖರ್ಚೂ ಉಳೀತದೆ.’

ಸಾರ್ ನಗ್ಲಿಕ್ಕೆ ನೋಡಿದ್ರು. ‘ಮೇಡಂ, ಇದು ಬರೀ ಪ್ರೊಸೀಜರ್...’

‘ಹಾರ ಹಾಕಿ ಫೋಟೋ ತೆಗೆಸಿದ ಮದುವೆ ನನಗೆ ಒಂದು ಆಗಿದೆ. ಆ ಆಲ್ಬಂ ನನ್ನ ಮಾಮಿಯ ಹತ್ತಿರ ಉಂಟು. ಎರಡನೆಯದ್ದು ಫೋಟೋ ಇಲ್ಲದೆ ಆಯ್ತು. ಎರಡೂ ಆದದ್ದು ಹೌದು. ಒಂದು ಆಗ್ಲೇ ಇಲ್ಲ ಅಂತ ಬರೀಬೇಕು, ಇನ್ನೊಂದನ್ನು ಬಣ್ಣ ಬಳಿದು ತಿರುಗಿ ಮಾಡ್ಬೇಕು ಅಂತ ಹೇಳ್ತೀರಿ. ಸತ್ತವರು ಇದ್ದದ್ದು ಸುಳ್ಳಾ ಸಾರ್?’

ಬಸ್ಸಿನಲ್ಲಿ ಜಗಳ ಮಾಡುವ ಮಕ್ಕಳನ್ನು ಕೂರಿಸುವ ದನಿ ಅದು. ಸಾರ್ ಕೂತಲ್ಲೇ ನೆಟ್ಟಗಾದ್ರು. ನಾನೂ ನೆಟ್ಟಗಾದೆ.

ಕೆಳಗೆ ಬಂದು ಕರಕ್ ಚಾಯ್ ಕುಡಿಯುವಾಗ ನಾನು ಮೆಲ್ಲ ಹೇಳಿದೆ, ‘ಹೀಗಾದ್ರೆ ಹೋಗ್ಲಿಕ್ಕೆ ಆಗದೆಯೂ ಇರ್ಬಹುದು.’

‘ಆಗದಿದ್ರೆ ಖಲಾಸ್. ಕಾರ್ನಿಶ್ ಉಂಟಲ್ಲ,’ ಅಂದಳು. ಆದ್ರೆ ಅವಳ ಕಣ್ಣು ತುಂಬಿತ್ತು, ಬಿಸಿ ಚಾಯ್ ಅಂತ ಹೇಳಿ ಒರೆಸಿಕೊಂಡಳು. ಕಿಟಕಿ, ಬಟ್ಟೆ ಒಣಗಿಸುವ ಜಾಗ ಎಲ್ಲ ಅವಳು ಮಂಡೆಯಲ್ಲಿ ಇಟ್ಟಾಗಿತ್ತು. ಅದನ್ನು ನೋಡಿ ನನಗೂ ಒಂದು ಹಟ ಬಂತು. ಹೋಗುವುದು ಇವಳನ್ನು ಕರ್ಕೊಂಡೇ. ಅದೂ ಆದದ್ದನ್ನು ಆದ ಹಾಗೆಯೇ ಬರೆದುಕೊಟ್ಟು. ಮರುದಿನ ಸಾರಿಗೆ ಫೋನ್ ಮಾಡಿ, ಫಾರಂನಲ್ಲಿ ಎಲ್ಲ ಇದ್ದ ಹಾಗೆ ಹಾಕಿ, ಆಗುವುದಿಲ್ಲ ಅಂತಾದ್ರೆ ನಮ್ಮ ಕಾಗದ ವಾಪಸ್ ಕೊಡಿ ಅಂದೆ. ಸಾರ್, ‘ನೀವು ಮಂಗಳೂರು ಕಡೆಯವ್ರು ಬಹಳ ಹಟ ಸಾರ್,’ ಅಂದ್ರು. ಆದ್ರೆ ಕಾಗದ ವಾಪಸ್ ಕೊಡ್ಲಿಲ್ಲ, ಕೇಸು ಇಟ್ಟುಕೊಂಡ್ರು.

ಶಾಲೆಯ ದೊಡ್ಡ ರಜೆಯಲ್ಲಿ ಊರಿಗೆ ಹೋಗಿ ರಿಜಿಸ್ಟ್ರಾರ್ ಆಫೀಸಿಗೆ ಹೋದೆವು. ಅಲ್ಲಿಯ ಗುಮಾಸ್ತರು ಒಳ್ಳೆಯವರೇ. ಆದ್ರೆ ಅವರೂ ಕೇಳಿದ್ದು ಅದನ್ನೇ, ‘ಕಾರ್ಡು? ಫೋಟೋ?’ ಇಲ್ಲ ಅಂದೆವು. ಅಫಿಡವಿಟ್ ಮಾಡ್ಬೇಕು, ಮದುವೆ ಕಣ್ಣಾರೆ ನೋಡಿದ ಸಾಕ್ಷಿ ಬೇಕು ಅಂದ್ರು. ಸಾಕ್ಷಿಗೆ ಸೋದರಮಾವ, ನನ್ನ ತಂಗಿಯ ಗಂಡ ಮತ್ತು ಮಾಮಿ ಬಂದಿದ್ದರು. ಗುಮಾಸ್ತರು ಮಾಮಿಯ ಹತ್ತಿರ, ‘ಅಮ್ಮ, ನೀವು ಹುಡುಗಿಗೆ ಎಂತ ಆಗ್ಬೇಕು?’ ಅಂತ ಕೇಳಿದ್ರು.

‘ಅತ್ತೆ.’

‘ಹಾಗಾದ್ರೆ ಇವರ ತಾಯಿಯಾ?’ ಅಂತ ನನ್ನನ್ನು ತೋರಿಸಿದ್ರು.

‘ಅಲ್ಲಪ್ಪ. ಇವನ ತಾಯಿ ಯಾವತ್ತೋ ಹೋಗಿದ್ದಾರೆ. ನಾನು ಇವಳ ಮೊದಲಿನ ಗಂಡನ ತಾಯಿ. ಈಗ ಇವನೂ ನನಗೆ ಮಗನೇ. ನಿಮಗೆ ಫೋಟೋ ಬೇಕಂತೆ ಅಲ್ವಾ? ನೀರು ಎರೆದದ್ದು ಈ ಕೈ.’ ಮಾಮಿ ಎರಡೂ ಕೈಯನ್ನು ಅವರ ಮೇಜಿನ ಮೇಲೆ ಬಿಡಿಸಿ ಇಟ್ಟರು. ‘ತೆಗೀರಿ ಇದರ ಫೋಟೋ.’

ಸೋದರಮಾವ ಆಚೆ ನೋಡಿದ್ರು. ಅವತ್ತು ಮೊಬೈಲ್ ಒಳಗಿಡು ಅಂತ ಹೇಳಿದವರು ಅವರೇ ಅಲ್ವಾ. ನನ್ನ ತಂಗಿಯ ಗಂಡ ಅವರ ಕಿವಿಯ ಹತ್ತಿರ ಹೋಗಿ, ‘ಮಾವ, ಈಗ ತೆಗೀಬಹುದಾ?’ ಅಂತ ಕೇಳಿದ. ಮಾವ ಅವನಿಗೆ ಕೈ ಎತ್ತಿದ್ದು ಒಂದು ಬಾಕಿ.

ರಿಜಿಸ್ಟರ್ ಆಯ್ತು. ಮೊದಲಿನವರ ಡೆತ್ ಸರ್ಟಿಫಿಕೇಟನ್ನು ಮಾಮಿಯೇ ಪೆಟ್ಟಿಗೆಯಿಂದ ತೆಗೆದುಕೊಟ್ಟರು. ಪಾಸ್‌ಪೋರ್ಟಿನಲ್ಲಿ ಗಂಡ ಅಂತ ಇದ್ದ ಕಡೆ ಇನ್ನು ನನ್ನ ಹೆಸರು ಬರುವುದು ಅಂತ ಹೇಳಿದಾಗ ನನಗೆ ಮಾಮಿಯ ಎದುರು ಸಂಕೋಚ ಆಯ್ತು. ಅವರಿಗೆ ಎಂತದೂ ಆಗ್ಲಿಲ್ಲ. ‘ಅವನ ಹೆಸರು ಅಲ್ಲಿ ಎಂತಕ್ಕೆ? ಅವನು ವಿಮಾನ ಹತ್ತುತ್ತಾನಾ?’ ಅಂದ್ರು.

ಎಲ್ಲ ಕಾಗದ ಒಟ್ಟು ಮಾಡಿ ಕಳಿಸಿದೆವು. ಜೊತೆಗೆ ನಾನೇ ಒಂದು ಪುಟ ಟೈಪ್ ಮಾಡಿದೆ, ಫೋಟೋ ಯಾಕೆ ಇಲ್ಲ ಅಂತ. ಒಂದು ಬೆರಳಿನಲ್ಲಿ ಟೈಪ್ ಮಾಡುವವನಿಗೆ ಒಂದು ಪುಟ ಅಂದ್ರೆ ಸಣ್ಣ ಕೆಲಸ ಅಲ್ಲ. ಸಾರ್ ಅದನ್ನು ಓದಿ ಚೆಂದದ ಇಂಗ್ಲಿಷ್ ಮಾಡ್ತೇನೆ ಅಂದ್ರು. ಬೇಡ ಅಂದೆ. ತಪ್ಪು ಇದ್ರೆ ನನ್ನದೇ ತಪ್ಪು ಇರ್ಲಿ.

ಮೊದಲು ಬಂದದ್ದು ನನ್ನ ಪರ್ಮಿಟ್. ಹೆಂಡತಿಯದ್ದು ಬರ್ಲಿಲ್ಲ. ಮದುವೆ ಆದದ್ದು ಯಾವಾಗಲೋ, ರಿಜಿಸ್ಟರ್ ಆದದ್ದು ಮೊನ್ನೆ, ಫೋಟೋ ಒಂದೂ ಇಲ್ಲ, ಹಾಗಾಗಿ ಇಂಟರ್‌ವ್ಯೂ ಮಾಡ್ಬೇಕು, ಸಮಯ ಹಿಡೀಬಹುದು ಅಂತ ಬರೆದಿದ್ದರು. ಅದೇ ವಾರ ಗೋವಾದವರು ಫೋನ್ ಮಾಡಿದ್ರು. ಸೀಸನ್ ಶುರುವಾಗ್ತದೆ, ಬೆಡ್‌ಶೀಟ್ ರಾಶಿ ಬೀಳ್ತದೆ. ‘ಪೆಹ್ಲೆ ತುಮ್ ಆ ಜಾವ್. ಬೀವಿ ಬಾದ್ ಮೆ.’

ಮೊದಲು ನೀನು, ಹೆಂಡತಿ ಮತ್ತೆ. ಈ ಗಲ್ಫಿನಲ್ಲಿ ಎಷ್ಟು ಜನ ಈ ಮಾತು ನಂಬಿ ಬಂದವರು ಅಂತ ನಾನು ನೋಡಿದ್ದೇನೆ. ನನ್ನ ರೂಮಿನಲ್ಲೇ ಇದ್ದಾರೆ. ಮೊದಲು ನಾನು ಅಂತ ಬಂದವರಿಗೆ ಮಕ್ಕಳ ಮದುವೆ ಆಗುವವರೆಗೆ ಆ ‘ಮತ್ತೆ’ ಬರ್ಲೇ ಇಲ್ಲ. ಸಂಜೆ ಮೊಬೈಲ್ ಎದುರು ಹಿಡಿದು ಹೆಂಡತಿ ಮಕ್ಕಳ ಜೊತೆ ಊಟ ಮಾಡ್ತಾರೆ.

‘ಸರ್, ಆಯೇಗಾ ತೋ ದೋನೋಂ ಆಯೇಗಾ. ನಹೀಂ ತೋ ಮಾಫಿ,’ ಅಂದೆ. ಬಂದ್ರೆ ಇಬ್ಬರೂ ಬರ್ತೇವೆ, ಇಲ್ಲದಿದ್ರೆ ಇಲ್ಲ.

ಅವರಿಗೆ ಸಿಟ್ಟು ಬಂತು. ನಿನ್ನಂಥ ಲಾಂಡ್ರಿಯವರು ನೂರು ಜನ ಸಿಗ್ತಾರೆ ಅಂದ್ರು. ಸಿಗ್ತಾರೆ, ಅದು ನಿಜವೇ. ಫೋನ್ ಇಟ್ಟೆ. ತಿರುಗಿ ಮಾಡಿ ಸಾರಿ ಹೇಳುವ ಅಂತ ಒಮ್ಮೆ ಕಂಡಿತು. ಮಾಡ್ಲಿಲ್ಲ. ರೋಲರ್ ಮೆಷಿನ್ ಹತ್ತಿರ ಹೋಗಿ ನಿಂತೆ. ಒದ್ದೆ ಶೀಟು ಒಂದು ಕಡೆ ಹೋಗಿ ಇನ್ನೊಂದು ಕಡೆ ಬಿಸಿಯಾಗಿ ಬರ್ತಾ ಇತ್ತು. ಸುಮ್ಮನೆ ಮಡಚಿದೆ.

ಇಂಟರ್‌ವ್ಯೂ ಆದದ್ದು ಸಾರ್ ಆಫೀಸಿನ ಲ್ಯಾಪ್‌ಟಾಪಿನಲ್ಲಿ. ಅಲ್ಲಿಗೆ ಬೆಳಿಗ್ಗೆ, ನಮಗೆ ಸಂಜೆ. ಹೆಂಡತಿ ಬಸ್ಸಿನ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಳು. ಸಾರ್, ‘ಮೇಡಂ, ಒಂದು ಒಳ್ಳೇ ಸೀರೆ ಉಡ್ಬಾರ್ದಿತ್ತಾ?’ ಅಂದ್ರು. ‘ಇದು ಒಳ್ಳೇದೇ ಸಾರ್, ಇಸ್ತ್ರಿ ಇವರೇ ಮಾಡಿದ್ದು,’ ಅಂತ ನನ್ನನ್ನು ತೋರಿಸಿದಳು.

ಪರದೆಯಲ್ಲಿ ಬಂದದ್ದು ಒಬ್ಬ ಹೆಂಗಸು ಅಧಿಕಾರಿ, ವಯಸ್ಸಾದವರು, ಕನ್ನಡಕದ ಮೇಲಿನಿಂದ ನೋಡುವವರು. ಮೊದಲು ನನ್ನ ಸರದಿ. ಹೆಂಡತಿಯ ಮೊದಲಿನ ಗಂಡನ ಹೆಸರು ಕೇಳಿದ್ರು. ತಕ್ಷಣ ಹೇಳಿದೆ. ನೀನು ಅವನನ್ನು ನೋಡಿದ್ದೀಯಾ ಅಂತ ಕೇಳಿದ್ರು. ಇಲ್ಲ ಮೇಡಂ, ಆದ್ರೆ ಸತ್ತವರಿಗೆ ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸುವ ಕ್ರಮ ನಮ್ಮಲ್ಲುಂಟು, ಅವರಿಗೆ ಬಂಗುಡೆ ಇಷ್ಟ, ಮೀನು ತರುವುದು ನಾನೇ ಅಂದೆ. ಬಂಗುಡೆಗೆ ಇಂಗ್ಲಿಷಿನಲ್ಲಿ ಎಂತ ಹೇಳುವುದು ಅಂತ ಆ ಹೊತ್ತಿಗೆ ಮರೆತು ಹೋಯ್ತು. ‘ಒನ್ ಫಿಶ್’ ಅಂದೆ. ಅವರು ಬರಕೊಂಡರು.

ಆಮೇಲೆ ಇವಳು ಕೂತಳು. ನನ್ನನ್ನು ಹೊರಗೆ ಕಳಿಸಿದ್ರು. ಗಾಜಿನ ಬಾಗಿಲು, ಪೂರ್ತಿ ಮುಚ್ಚಿರಲಿಲ್ಲ, ಎಲ್ಲ ಕೇಳ್ತಿತ್ತು. ಇವಳ ಇಂಗ್ಲಿಷ್ ಬಸ್ಸಿನ ಇಂಗ್ಲಿಷ್. ಸಿಟ್ ಡೌನ್, ಸೀಟ್ ಬೆಲ್ಟ್, ನೋ ಫೈಟಿಂಗ್, ಅದರಲ್ಲೇ ಸಂಸಾರ ಮಾಡುವವಳು. ಅಧಿಕಾರಿ ಕೇಳಿದ್ರು, ಒಂದೇ ಒಂದು ಫೋಟೋ ಇಲ್ಲದಿದ್ರೆ ನಿಮ್ಮ ಮದುವೆ ನಿಜ ಅಂತ ನಾನು ಹೇಗೆ ನಂಬುವುದು?

ಮುಗಿಯಿತು ಅಂತ ನಾನು ಗೋಡೆಗೆ ಒರಗಿದೆ. ಅಷ್ಟರಲ್ಲಿ ಇವಳ ದನಿ ಬಂತು, ತುಂಡು ತುಂಡು ಇಂಗ್ಲಿಷಿನಲ್ಲಿ. ಅದು ನಮ್ಮ ಭಾಷೆಯಲ್ಲಿ ಹೀಗಾಗ್ತದೆ.

‘ಮೇಡಂ, ಒಂದೇ ಊರಿನಲ್ಲಿ ನಾವು ಎರಡು ರೂಮಿನಲ್ಲಿ ಇದ್ದೇವೆ. ಎಷ್ಟೋ ವರ್ಷ. ಪ್ರತಿ ಶುಕ್ರವಾರ ನಾನು ಸಾರು ಮಾಡಿ ಬಿಸಿಲಿನಲ್ಲಿ ಹೊತ್ತುಕೊಂಡು ಹೋಗ್ತೇನೆ, ಇವರು ಅನ್ನ ತರ್ತಾರೆ. ಮದುವೆ ಆಗದವರು ಇಷ್ಟು ಕಷ್ಟ ಪಡ್ತಾರಾ? ಸುಳ್ಳು ಮದುವೆ ಆದ್ರೆ ನಾನು ಫೋಟೋ ತರ್ತಿದ್ದೆ. ಒಳ್ಳೆಯ ಫೋಟೋ ತರ್ತಿದ್ದೆ. ಸ್ಟುಡಿಯೋ ಇಲ್ಲಿಯೇ ಉಂಟು.’

ಸಾರ್ ನನ್ನ ಪಕ್ಕ ನಿಂತವರು ಕಣ್ಣು ಮುಚ್ಚಿದ್ರು. ಒಳಗಿನಿಂದ ನಗು ಕೇಳಿತು. ಅದು ಇವಳದ್ದಲ್ಲ. ನೀರು ಎರೆದದ್ದು ಯಾರು ಅಂತ ಆ ಅಧಿಕಾರಿ ಕೇಳಿದ್ರು. ನನ್ನ ಮದರ್ ಇನ್ ಲಾ ಅಂದಳು. ಯಾವ ಗಂಡನ ತಾಯಿ ಅಂತ ಕೇಳಿದ್ರು. ಫಸ್ಟ್ ಅಂದಳು. ಆಮೇಲೆ ಬೇರೆ ಪ್ರಶ್ನೆ, ಯೆಲ್ಲೋ ಫೀವರ್ ಇಂಜೆಕ್ಷನ್ ಆಗಿದೆಯಾ, ಯಾವ ದೇಶದ ಮೇಲೆ ಬರ್ತೀರಿ, ಅದೆಲ್ಲ.

ಅವಳ ಪರ್ಮಿಟ್ ಬರುವವರೆಗೆ ಗೋವಾದವರು ಬೇರೆ ಜನ ತಗೊಂಡಿರಲಿಲ್ಲ. ನೂರು ಜನ ಸಿಗ್ತಾರೆ ಅಂತ ಹೇಳಿದ್ರಲ್ಲ, ನಾನು ಅದನ್ನು ತಿರುಗಿ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಟಿಕೆಟ್ ಯಾವಾಗಕ್ಕೆ ಮಾಡ್ಲಿ ಅಂತ ಮಾತ್ರ ಕೇಳಿದ್ರು. ಎರಡು ಟಿಕೆಟ್.

ಕೊನೆಯ ಸಲ ಸಾರ್ ಆಫೀಸಿಗೆ ಕಾಗದ ತಗೊಳ್ಲಿಕ್ಕೆ ಹೋದಾಗ ಅವರು ಖುಷಿಯಲ್ಲಿ ಎದ್ದು ಬಂದ್ರು. ಆ ಗೋಡೆಯ ಹತ್ತಿರ ನಿಲ್ಲಿಸಿ, ‘ಸಾರ್, ಮೇಡಂ, ಇಬ್ರೂ ಬನ್ನಿ. ಒಂದು ಫೋಟೋ. ಇಲ್ಲಿ ಹಾಕ್ತೀನಿ, ನಾಲ್ಕು ಜನಕ್ಕೆ ಧೈರ್ಯ ಬರುತ್ತೆ,’ ಅಂದ್ರು.

ಇವಳು ಕೋಟು ಹಾಕಿದವರ ಸಾಲನ್ನು ಒಮ್ಮೆ ನೋಡಿದಳು.

‘ಬೇಡ ಸಾರ್. ಇಷ್ಟು ದೂರ ಫೋಟೋ ಇಲ್ಲದೆಯೇ ಬಂದಿದ್ದೇವೆ.’

ಕೆಳಗೆ ಬಂದು ಮೆಟ್ರೋಗೆ ನಡೆಯುವಾಗ ಕುಕ್ಕರಿನ ವಿಷಯಕ್ಕೆ ಜಗಳ ಶುರುವಾಯ್ತು. ಅವಳ ರೂಮಿನಲ್ಲಿ ಅವಳದ್ದೊಂದು ಕುಕ್ಕರ್, ನನ್ನ ರೂಮಿನಲ್ಲಿ ನನ್ನದೊಂದು. ನನ್ನದು ದೊಡ್ಡದು, ತಗೊಂಡು ಹೋಗುವ ಅಂದೆ.

‘ನಿಮ್ಮದರ ಸೀಟಿ ಸರಿ ಇಲ್ಲ. ರೂಮಿನವರಿಗೆ ಬಿಟ್ಟು ಬನ್ನಿ.’

‘ಎರಡೂ ಇರ್ಲಿ ಮಾರಾಯ್ತಿ.’

‘ಒಂದು ಮನೆಗೆ ಎರಡು ಕುಕ್ಕರ್ ಎಂತಕ್ಕೆ?’ ಅಂದಳು.